ಅಹಮದಾಬಾದಿನಿಂದ ಬಂದ ಕನ್ನಡ ಪಾಠ

1975ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಟೆಲಿವಿಷನ್ ಬಂದಿರಲಿಲ್ಲ. ಅಲ್ಲಿ ದೂರದರ್ಶನ ಕೇಂದ್ರ ಶುರುವಾಗಲು ಇನ್ನೂ ಆರು ವರ್ಷ ಕಾಯಬೇಕಿತ್ತು. ಆದರೆ ಅದೇ ತಿಂಗಳ 1ನೇ ತಾರೀಖಿನಿಂದ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ನೂರಾರು ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಬೆಳಿಗ್ಗೆ ಒಂದು ಪೆಟ್ಟಿಗೆಯ ಮುಂದೆ ಕೂತು ಕನ್ನಡದಲ್ಲಿ ಪಾಠ ನೋಡತೊಡಗಿದರು. ಇವರಲ್ಲಿ ಹಲವರು ಸಿನಿಮಾವನ್ನೂ ನೋಡಿದವರಲ್ಲ. ಕೆಲವು ಊರುಗಳಿಗೆ ಕರೆಂಟೂ ಬಂದಿರಲಿಲ್ಲ. ಅಲ್ಲಿ ಟಿವಿ ಬ್ಯಾಟರಿಯ ಮೇಲೆ ನಡೆಯುತ್ತಿತ್ತು.

ಆ ಪಾಠ ಬರುತ್ತಿದ್ದ ದಾರಿ ಬಹಳ ದೂರದ್ದು. ಕನ್ನಡ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು. ಅಹಮದಾಬಾದಿನ ಭೂಕೇಂದ್ರದಿಂದ ಅವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದ ಉಪಗ್ರಹಕ್ಕೆ ಹೋಗಿ, ಅಲ್ಲಿಂದ ಶಾಲೆಯ ಮಗ್ಗುಲಿಗೆ ನಿಲ್ಲಿಸಿದ್ದ, ಕೋಳಿಗೂಡಿಗೆ ಬಳಸುವಂಥ ತಂತಿಜಾಲರಿಯ ಆಂಟೆನಾಕ್ಕೆ ಇಳಿಯುತ್ತಿದ್ದವು. ಕನ್ನಡದ ಸರ್ಕಾರಿ ಶಾಲೆಯ ಕೋಣೆಗೆ ಪರದೆಯ ಮೇಲಿನ ಪಾಠ ಮೊದಲು ದೊಡ್ಡ ಪ್ರಮಾಣದಲ್ಲಿ ಬಂದದ್ದು ಹೀಗೆ, ಗುಜರಾತಿನ ಮೂಲಕ.

ಇದು ಸೈಟ್ ಎಂಬ ಹೆಸರಿನ ಪ್ರಯೋಗ, ಅಂದರೆ ಉಪಗ್ರಹದ ಮೂಲಕ ಟೆಲಿವಿಷನ್ ಬೋಧನೆ. ಒಂದು ವರ್ಷ ನಡೆದು 1976ರ ಜುಲೈ 31ಕ್ಕೆ ಮುಗಿಯಿತು. ಬಾಹ್ಯಾಕಾಶದ ಚರಿತ್ರೆ ಬರೆಯುವವರು ಇದನ್ನು ಇಸ್ರೋದ ಮೊದಲ ದೊಡ್ಡ ಸಾಧನೆಗಳ ಸಾಲಿನಲ್ಲಿ ಇಡುತ್ತಾರೆ. ಆದರೆ ಶಾಲೆಯ ಕಡೆಯಿಂದ ನೋಡಿದರೆ ಅದರಲ್ಲಿ ಬೇರೆಯದೇ ಒಂದು ಕಥೆ ಇದೆ. ಮೂರನೆಯ ತರಗತಿಯಿಂದಲೇ ಕೃತಕ ಬುದ್ಧಿಮತ್ತೆ ಮತ್ತು ಗಣಕ ಚಿಂತನೆಯನ್ನು ಕಲಿಸುವುದಾಗಿ ಕೇಂದ್ರ ಶಿಕ್ಷಣ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಹೇಳಿರುವಾಗ, ಆ ಕಥೆಯನ್ನು ಮತ್ತೊಮ್ಮೆ ಓದುವುದು ಒಳ್ಳೆಯದು.

ಆ ಊರೇ ಏಕೆ

ಅಹಮದಾಬಾದ್ ಬಟ್ಟೆ ಗಿರಣಿಗಳ ಊರು. ಗಿರಣಿ ಮಾಲೀಕರ ಮನೆತನವೊಂದರಲ್ಲಿ ಹುಟ್ಟಿದ ವಿಕ್ರಮ್ ಸಾರಾಭಾಯಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೇಂಬ್ರಿಡ್ಜ್ ಬಿಟ್ಟು ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ವಿಶ್ವಕಿರಣಗಳ ಮೇಲೆ ಕೆಲಸ ಮಾಡಿದರು. 1947ರಲ್ಲಿ ತಮ್ಮ ಊರಿನಲ್ಲಿ ಭೌತವಿಜ್ಞಾನ ಸಂಶೋಧನಾಲಯ ಆರಂಭಿಸಿದರು. 1961ರಲ್ಲಿ ಅದೇ ಊರಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿ ನಿಲ್ಲಿಸುವುದರಲ್ಲಿ ವಿಕ್ರಮರ ಒಡಹುಟ್ಟಿದ ಗೌತಮ್ ಮತ್ತು ಗೀರಾ ಸಾರಾಭಾಯಿ ಅವರ ಪಾತ್ರ ದೊಡ್ಡದು. 1960ರ ದಶಕದ ನಡುವಿನಲ್ಲಿ ವಿಕ್ರಮ್ ಮಕ್ಕಳಿಗೂ ಶಿಕ್ಷಕರಿಗೂ ವಿಜ್ಞಾನವನ್ನು ಕೈಯಾರೆ ಮಾಡಿ ಕಲಿಯಲು ಸಮುದಾಯ ವಿಜ್ಞಾನ ಕೇಂದ್ರವನ್ನು ತೆರೆದರು. ಆಕಾಶ ಏಕೆ ನೀಲಿ ಎಂಬ ವಿಷಯದ ಮೇಲೆ ರಾಮನ್ ಮಾಡಿದ ಪ್ರಸಿದ್ಧ ಉಪನ್ಯಾಸ 1968ರ ಡಿಸೆಂಬರ್‌ನಲ್ಲಿ ನಡೆದದ್ದು ಈ ಕೇಂದ್ರದ ಸಮಾರಂಭದಲ್ಲಿಯೇ.

ಅಂದರೆ ಉಪಗ್ರಹದ ಭೂಕೇಂದ್ರ, ವಿನ್ಯಾಸದ ಶಾಲೆ, ಮಕ್ಕಳ ವಿಜ್ಞಾನ ಕೇಂದ್ರ ಮೂರೂ ಒಂದು ದಶಕದೊಳಗೆ ಒಂದೇ ಊರಿನಲ್ಲಿ, ಪರಸ್ಪರ ಗುರುತಿದ್ದ ಜನರ ಕೈಯಲ್ಲಿ ಬೆಳೆದವು. ಭಾರತದ ಮೊದಲ ಪ್ರಾಯೋಗಿಕ ಉಪಗ್ರಹ ಸಂಪರ್ಕ ಭೂಕೇಂದ್ರ 1967ರಲ್ಲಿ ಅಲ್ಲಿ ಸಿದ್ಧವಾಯಿತು. ಅದೇ ವರ್ಷ ದೆಹಲಿಯ ಸುತ್ತಲಿನ 80 ಹಳ್ಳಿಗಳಲ್ಲಿ ಟಿವಿ ಇಟ್ಟು ‘ಕೃಷಿ ದರ್ಶನ’ ತೋರಿಸುವ ಕೆಲಸ ಶುರುವಾಯಿತು. ಸಾರಾಭಾಯಿ ಅವರ ವಾದ ನೇರವಾಗಿತ್ತು: ಟೆಲಿವಿಷನ್ ಮೊದಲು ಪಟ್ಟಣಗಳಿಗೆ ಬಂದು, ಅಲ್ಲಿಂದ ನಿಧಾನವಾಗಿ ಹಳ್ಳಿಗೆ ಇಳಿಯಲಿ ಎಂದು ಕಾಯುವುದು ಬೇಡ, ಉಪಗ್ರಹವಿದ್ದರೆ ದೂರದ ಹಳ್ಳಿಯಿಂದಲೇ ಶುರು ಮಾಡಬಹುದು. 1969ರಲ್ಲಿ ಅಮೆರಿಕದ ನಾಸಾದೊಂದಿಗೆ ಒಪ್ಪಂದವಾಯಿತು. ಉಪಗ್ರಹ ಅವರದು, ಎಟಿಎಸ್-6. ಕಾರ್ಯಕ್ರಮ, ಭೂಕೇಂದ್ರ, ಹಳ್ಳಿಯ ಟಿವಿ, ಅದರ ದುರಸ್ತಿ ಎಲ್ಲವೂ ನಮ್ಮ ಹೊಣೆ.

ಸಾರಾಭಾಯಿ ಇದನ್ನು ನೋಡಲಿಲ್ಲ. 1971ರ ಡಿಸೆಂಬರ್ 30ರಂದು, 52ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೆಲಸ ಮುಂದುವರಿದದ್ದು ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದಲ್ಲಿ, ಯಶ್ ಪಾಲ್ ಅವರ ನಿರ್ದೇಶನದಲ್ಲಿ. ಪ್ರಯೋಗದ ವ್ಯವಸ್ಥಾಪಕರಾಗಿ ಇ. ವಿ. ಚಿಟ್ನಿಸ್ ಇದ್ದರು.

ಶಾಲೆಗೆ ಹೊಂದುವ ಪೆಟ್ಟಿಗೆ

ಆರು ರಾಜ್ಯಗಳಲ್ಲಿ, ರಾಜ್ಯಕ್ಕೆ ಸುಮಾರು 400ರಂತೆ, ಒಟ್ಟು ಸುಮಾರು 2,400 ಹಳ್ಳಿಗಳನ್ನು ಆರಿಸಿಕೊಂಡರು: ಆಂಧ್ರಪ್ರದೇಶ, ಒರಿಸ್ಸಾ, ಕರ್ನಾಟಕ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ. ಹಿಂದುಳಿದ ಜಿಲ್ಲೆಗಳೇ ಆಗಬೇಕು ಎಂಬುದು ಆಯ್ಕೆಯ ಒಂದು ನಿಯಮ. ಕರ್ನಾಟಕದ ಮೂರು ಜಿಲ್ಲೆಗಳ ಪಾಲಿಗೆ ಇದರಲ್ಲಿ ಒಂದು ಸೋಜಿಗವೂ ಇತ್ತು. ಗುಲ್ಬರ್ಗಾ ಮತ್ತು ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಏಕೀಕರಣವಾಗಿ ಸುಮಾರು ಎರಡು ದಶಕ ಕಳೆದ ಮೇಲೆ ಅಲ್ಲಿನ ಮಕ್ಕಳಿಗೆ ಟಿವಿಯ ಕನ್ನಡ ಮತ್ತೆ ಹೈದರಾಬಾದಿನಿಂದಲೇ ಬಂತು.

ಈ ಊರುಗಳ ಬಿಸಿಲು, ಧೂಳು, ಏರಿಳಿಯುವ ಕರೆಂಟು ಇವನ್ನೆಲ್ಲ ತಡೆದುಕೊಳ್ಳುವ ಟಿವಿ ಅಂಗಡಿಯಲ್ಲಿ ಸಿಗುವಂಥದ್ದಾಗಿರಲಿಲ್ಲ. ಅದನ್ನು ಅಹಮದಾಬಾದಿನ ಎಂಜಿನಿಯರುಗಳು ರೂಪಿಸಿದರು; ಸೆಟ್ಟುಗಳನ್ನು ತಯಾರಿಸಿದ್ದು ಹೈದರಾಬಾದಿನ ಸರ್ಕಾರಿ ಕಂಪನಿ ಇಸಿಐಎಲ್. ಮೂರು ಮೀಟರ್ ಅಗಲದ ಆಂಟೆನಾಕ್ಕೆ ದುಬಾರಿ ಲೋಹದ ತಟ್ಟೆಯ ಬದಲು ತಂತಿಜಾಲರಿ ಹಾಕಿದರು. ಬಿಚ್ಚಿದ ಭಾಗಗಳನ್ನು ಹಳ್ಳಿಗೆ ಒಯ್ದು ಅಲ್ಲೇ ಜೋಡಿಸಿದರೆ ಸಾಕಿತ್ತು, ಗಾಳಿಯ ಹೊಡೆತವೂ ಕಡಿಮೆ. ಉಪಗ್ರಹದ ಆಂಟೆನಾ ಒಂಬತ್ತು ಮೀಟರಿನದಾದ್ದರಿಂದ ಅದು ಕಳಿಸುವ ಸಂಕೇತ ಬಲವಾಗಿತ್ತು. ಆದ್ದರಿಂದಲೇ ನೆಲದ ಮೇಲೆ ಇಷ್ಟು ಸರಳವಾದ ಸಲಕರಣೆ ನಡೆಯಿತು.

ಇಂದು ಶಾಲೆಗಳಲ್ಲಿ ವಿನ್ಯಾಸ ಕಲಿಸಬೇಕು ಎನ್ನುವವರು ಹೇಳುವ ಮೊದಲ ಮಾತು, ಬಳಸುವವರು ಯಾರು, ಎಲ್ಲಿ ಬಳಸುತ್ತಾರೆ ಎಂದು ಕೇಳಿಕೊಂಡು ಶುರು ಮಾಡಿ ಎಂಬುದು. ಈ ಪೆಟ್ಟಿಗೆಯ ಮಟ್ಟಿಗೆ ಆ ಪ್ರಶ್ನೆಯನ್ನು ಸರಿಯಾಗಿಯೇ ಕೇಳಿದ್ದರು. ಪೆಟ್ಟಿಗೆಯೊಳಗಿನ ಪಾಠದ ಮಟ್ಟಿಗೆ ಅದನ್ನು ಕೇಳುವುದು ಹೆಚ್ಚು ಕಷ್ಟವಾಯಿತು.

ಇಪ್ಪತ್ತೆರಡೂವರೆ ನಿಮಿಷ

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಬೆಳಗಿನ ಹೊತ್ತನ್ನು ಹಿಂದಿ, ಒರಿಯಾ, ತೆಲುಗು, ಕನ್ನಡ ನಾಲ್ಕು ಭಾಷೆಗಳಿಗೆ ಸಮನಾಗಿ ಹಂಚಿದರೆ ಒಂದಕ್ಕೆ ಬಂದದ್ದು 22.5 ನಿಮಿಷ. ಇಡೀ ಕನ್ನಡ ಶಾಲಾ ಟೆಲಿವಿಷನ್ನಿನ ದಿನದ ಪಾಲು ಅಷ್ಟೇ.

ಆ 22.5 ನಿಮಿಷವನ್ನು 5ರಿಂದ 12 ವರ್ಷದವರೆಗಿನ ಎಲ್ಲ ಮಕ್ಕಳೂ ಒಟ್ಟಿಗೆ ನೋಡಬೇಕಿತ್ತು. ಅ ಆ ಬರೆಯುವ ಮಗುವೂ ಭಿನ್ನರಾಶಿ ಮಾಡುವ ಮಗುವೂ ಒಂದೇ ಚಾಪೆಯ ಮೇಲೆ. ಹೀಗಾಗಿ ಕಾರ್ಯಕ್ರಮಗಳನ್ನು ಪಠ್ಯಕ್ರಮಕ್ಕೆ ಕಟ್ಟಿಹಾಕದೆ, ಮಕ್ಕಳ ಕುತೂಹಲ ಬೆಳೆಸುವುದು, ಲೆಕ್ಕ ಮತ್ತು ವಿಜ್ಞಾನದ ಮೂಲಭೂತ ಸಂಗತಿಗಳನ್ನು ಆಸಕ್ತಿ ಹುಟ್ಟುವಂತೆ ತೋರಿಸುವುದು, ಶುಚಿತ್ವ, ಕೂಡಿ ಬಾಳುವುದು ಇವನ್ನು ಗುರಿಯಾಗಿ ಇಟ್ಟುಕೊಂಡರು. ಮಕ್ಕಳ ವಿಜ್ಞಾನ ಕಾರ್ಯಕ್ರಮಗಳನ್ನು ಇಸ್ರೋ ತಾನೇ ಬೊಂಬಾಯಿಯ ಸ್ಟುಡಿಯೋದಲ್ಲಿ ತಯಾರಿಸಿತು.

ಟಿವಿ ಪಾಠವನ್ನು ನಿಲ್ಲಿಸಿ ಪ್ರಶ್ನೆ ಕೇಳಲು ಆಗುವುದಿಲ್ಲ, ಹಿಂದಕ್ಕೆ ತಿರುಗಿಸಲೂ ಆಗುವುದಿಲ್ಲ. ಅದು ಮುಗಿದ ಮೇಲೆ ಏನಾಗುತ್ತದೆ ಎಂಬುದು ಪೂರ್ತಿ ಮೇಷ್ಟರ ಮೇಲೆ. ಅವರು ಟಿವಿ ಆರಿಸಿ ಮಗ್ಗಿ ಹೇಳಿಸಲು ಹೊರಟರೆ ಕಾರ್ಯಕ್ರಮ ಅಲ್ಲಿಗೇ ನಿಂತಿತು. ತೋರಿಸಿದ್ದನ್ನು ಅಂಗಳದಲ್ಲಿ ಮಾಡಿ ನೋಡೋಣ ಎಂದರೆ ಮುಂದುವರಿಯಿತು.

ಇನ್ನೊಂದು ಮಾತನ್ನೂ ಮರೆಯಬಾರದು. ಪ್ರಸಾರ ಆರಂಭವಾದಾಗ ದೇಶದಲ್ಲಿ ತುರ್ತು ಪರಿಸ್ಥಿತಿ ಬಂದು ಐದು ವಾರವಾಗಿತ್ತು. ಒಂದು ಕಡೆಯಿಂದ ಮಾತ್ರ ಮಾತಾಡುವ ಯಂತ್ರವನ್ನು ಸರ್ಕಾರ ಹಳ್ಳಿ ಹಳ್ಳಿಯಲ್ಲಿ ನಿಲ್ಲಿಸುವುದರಲ್ಲಿ ಅಪಾಯವೂ ಇದೆ ಎಂಬುದಕ್ಕೆ ಆಗ ಬೇರೆ ಪುರಾವೆ ಬೇಕಿರಲಿಲ್ಲ. ಅಹಮದಾಬಾದಿನವರು ಅದೇ ವರ್ಷ ಪಕ್ಕದ ಖೇಡಾ ಜಿಲ್ಲೆಯ ಪೀಜ್ ಎಂಬ ಊರಿನ ಸಣ್ಣ ಪ್ರಸಾರ ಕೇಂದ್ರದ ಮೂಲಕ ಬೇರೊಂದು ದಾರಿಯನ್ನು ಹಿಡಿದರು. ಅಲ್ಲಿ ಊರಿನ ಸಮಸ್ಯೆ, ಊರಿನ ಗುಜರಾತಿ, ಊರಿನ ಜನ ಪರದೆಯ ಮೇಲೆ ಬಂದರು. ನೋಡುವವರು ಮಾಡುವವರೂ ಆಗಬಹುದು ಎಂಬುದನ್ನು ಖೇಡಾ ತೋರಿಸಿತು.

ಹನ್ನೆರಡು ದಿನದ ರಜೆ

1975ರ ಅಕ್ಟೋಬರ್ ರಜೆಯಲ್ಲಿ ಅದೇ ಟಿವಿಗಳ ಮುಂದೆ ಮಕ್ಕಳ ಬದಲು ಶಿಕ್ಷಕರು ಕೂತರು. ವಿಜ್ಞಾನ ಮತ್ತು ಗಣಿತ ಬೋಧನೆಗಾಗಿ 12 ದಿನಗಳ ತರಬೇತಿ. ಸುಮಾರು 24,000 ಪ್ರಾಥಮಿಕ ಶಾಲಾ ಶಿಕ್ಷಕರು ಇದರಲ್ಲಿದ್ದರು. 1976ರ ಬೇಸಿಗೆಯಲ್ಲಿ ಮತ್ತೆ ಅಷ್ಟೇ ಜನ. ದೆಹಲಿಯ ಎನ್‌ಸಿಇಆರ್‌ಟಿಯ ಶಿಕ್ಷಣ ತಂತ್ರಜ್ಞಾನ ಕೇಂದ್ರ ಇದನ್ನು ಯೋಜಿಸಿತ್ತು.

ಇಲ್ಲಿ ಟಿವಿ ಒಂಟಿಯಾಗಿರಲಿಲ್ಲ. ಟಿವಿ ಪಾಠದ ಜೊತೆಗೆ ರೇಡಿಯೊ ಪಾಠ, ಓದಲು ಅಚ್ಚಾದ ಸಾಮಗ್ರಿ, ಗುಂಪಿನಲ್ಲಿ ಚರ್ಚೆ, ಎಲ್ಲಕ್ಕಿಂತ ಮುಖ್ಯವಾಗಿ ಊರಲ್ಲೇ ಸಿಗುವ ಸಾಮಾನುಗಳಿಂದ ಕೈಯಾರೆ ಮಾಡುವ ಪ್ರಯೋಗಗಳು. ಪರದೆಯ ಮೇಲೆ ಕಂಡದ್ದನ್ನು ಶಿಕ್ಷಕರು ಅದೇ ದಿನ ತಾವೇ ಮಾಡಿ ನೋಡುತ್ತಿದ್ದರು. ಅಷ್ಟು ಶಿಕ್ಷಕರನ್ನು ಪಟ್ಟಣದ ತರಬೇತಿ ಕಾಲೇಜುಗಳಿಗೆ ಕರೆಸಬೇಕಿದ್ದರೆ ವರ್ಷಗಳೇ ಹಿಡಿಯುತ್ತಿದ್ದವು.

ಲೆಕ್ಕ ಹಾಕಿದಾಗ

ಸೈಟ್‌ನ ಒಂದು ದೊಡ್ಡತನ ಎಂದರೆ ಅದು ತನ್ನನ್ನು ತಾನೇ ಪರೀಕ್ಷಿಸಿಕೊಂಡಿತು. ಸಮಾಜವಿಜ್ಞಾನಿಗಳ ದೊಡ್ಡ ತಂಡವೇ ಇತ್ತು. ಬಿನೋದ್ ಅಗರವಾಲ್ ಅವರ ಮುಂದಾಳತ್ವದಲ್ಲಿ ಮಾನವಶಾಸ್ತ್ರಜ್ಞರು ಹಳ್ಳಿಗಳಲ್ಲೇ ತಿಂಗಳುಗಟ್ಟಲೆ ಇದ್ದು ನೋಡಿದರು. ಮಕ್ಕಳ ಮೇಲಿನ ಪರಿಣಾಮವನ್ನು ಎನ್‌ಸಿಇಆರ್‌ಟಿಯವರು ಅಳೆದರು.

ಫಲಿತಾಂಶ ಜಾಹೀರಾತಿಗೆ ಹೊಂದುವಂಥದ್ದಲ್ಲ. ಟಿವಿ ಬಂದದ್ದರಿಂದ ಶಾಲೆಗೆ ಸೇರುವವರು ಹೆಚ್ಚಲಿಲ್ಲ. ಶಾಲೆ ಬಿಡುವವರು ಕಡಿಮೆಯಾಗಲಿಲ್ಲ. ಪಾಠಗಳಲ್ಲಿ ಮಕ್ಕಳು ಪಡೆಯುವ ಅಂಕ ಏರಲಿಲ್ಲ. ದನ ಕಾಯಬೇಕಾದ ಮಗು ಟಿವಿ ಇದ್ದರೂ ದನ ಕಾಯಲೇಬೇಕಿತ್ತು. ಆದರೆ ಎರಡು ಕಡೆ ಬದಲಾವಣೆ ಕಂಡಿತು. ಟಿವಿ ನೋಡಿದ ಮಕ್ಕಳ ಭಾಷೆ ಬೆಳೆದಿತ್ತು, ಪಠ್ಯಪುಸ್ತಕದ ಆಚೆಗೂ ತಿಳಿದುಕೊಳ್ಳಲು ಹೊರಡುವ ಅಭ್ಯಾಸ ಹೆಚ್ಚಿತ್ತು. ಇನ್ನೊಂದು, ತರಬೇತಿ ಪಡೆದ ಶಿಕ್ಷಕರ ವಿಜ್ಞಾನದ ತಿಳಿವಳಿಕೆಯಲ್ಲಿ ಎದ್ದು ಕಾಣುವ ಏರಿಕೆ ಇತ್ತು.

ಇಡೀ ಪ್ರಯೋಗದಲ್ಲಿ ಯಂತ್ರದ ಜೊತೆ ಮನುಷ್ಯರು, ಮಾತು, ಕೈಕೆಲಸ ಮೂರೂ ಸೇರಿದ್ದು ಶಿಕ್ಷಕರ ಆ 12 ದಿನಗಳಲ್ಲಿ. ಗಳಿಕೆ ಸ್ಪಷ್ಟವಾಗಿ ಕಂಡದ್ದೂ ಅಲ್ಲಿಯೇ. ಮಕ್ಕಳ ಭಾಷೆ ಬೆಳೆದದ್ದಕ್ಕೆ ಪಾಠ ಅವರಿಗೆ ತಿಳಿಯುವ ಭಾಷೆಯಲ್ಲಿ ಇದ್ದದ್ದೂ ಒಂದು ಕಾರಣ ಎಂದರೆ ತಪ್ಪಾಗದು. ಅಂದಿನಿಂದ ಇಂದಿನವರೆಗೆ ಶಾಲೆಗೆ ಬಂದ ಪ್ರತಿಯೊಂದು ಯಂತ್ರವನ್ನೂ ಈ ಎರಡು ಒರೆಗಲ್ಲಿಗೆ ಉಜ್ಜಿ ನೋಡಬಹುದು: ಮೇಷ್ಟರಿಗೆ ಏನು ಕೊಟ್ಟಿತು? ಯಾವ ಭಾಷೆಯಲ್ಲಿ ಮಾತಾಡಿತು?

ಟಿವಿಯ ನಂತರ ಗಣಕ

1976ರ ಜುಲೈ ಮುಗಿಯುತ್ತಲೇ ನಾಸಾ ತನ್ನ ಉಪಗ್ರಹವನ್ನು ಮತ್ತೆ ಅಮೆರಿಕದ ಕಡೆಗೆ ಸರಿಸಿಕೊಂಡಿತು. ಪ್ರಯೋಗದ ಹಳ್ಳಿಗಳಲ್ಲಿ ಕೆಲವಕ್ಕಾದರೂ ಟಿವಿ ಉಳಿಯಲೆಂದು ನೆಲದ ಮೇಲಿನ ಪ್ರಸಾರ ಕೇಂದ್ರಗಳನ್ನು ಸ್ಥಾಪಿಸಿದರು. ಅದರಲ್ಲಿ ಒಂದು 1977ರಲ್ಲಿ ಗುಲ್ಬರ್ಗಾಕ್ಕೆ ಬಂತು. ಬೆಂಗಳೂರಿಗಿಂತ ನಾಲ್ಕು ವರ್ಷ ಮೊದಲು.

1984ರಲ್ಲಿ ಶಾಲೆಗಳಿಗೆ ಗಣಕ ಬಂತು. ಕ್ಲಾಸ್ ಎಂಬ ಆ ಯೋಜನೆಯಲ್ಲಿ ದೇಶದ ಸುಮಾರು 250 ಪ್ರೌಢಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು ಕೊಟ್ಟರು. ಮೌಲ್ಯಮಾಪನದ ಕೆಲಸ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರಕ್ಕೇ ಬಂದದ್ದು ಸಹಜ. ಹಳ್ಳಿಯ ಟಿವಿಯನ್ನು ಅಳೆದ ಅನುಭವ ಅವರಿಗಿತ್ತಲ್ಲ. ಶಿಕ್ಷಕರಿಗೆ ಸಿಕ್ಕ ತರಬೇತಿ ಕೆಲವೇ ವಾರಗಳದು. ಯಂತ್ರದ ಜೊತೆ ಬಂದ ತಂತ್ರಾಂಶ ಇಂಗ್ಲಿಷಿನದು. ಎರಡು ಒರೆಗಲ್ಲಿನಲ್ಲೂ ಇದು ಸೈಟ್‌ಗಿಂತ ಹಿಂದಿತ್ತು.

ಆದರೆ ಗಣಕದೊಂದಿಗೆ ಒಂದು ಹೊಸ ಸಾಧ್ಯತೆಯೂ ಬಂದಿತ್ತು. 1967ರಲ್ಲಿ ಅಮೆರಿಕದಲ್ಲಿ ಸೀಮರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫ್ಯೂರ್ಜೈಗ್ ಸೇರಿ ಮಕ್ಕಳಿಗಾಗಿ ಲೋಗೋ ಎಂಬ ಗಣಕ ಭಾಷೆ ಮಾಡಿದ್ದರು. ಪರದೆಯ ಮೇಲಿನ ಒಂದು ಆಮೆಗೆ ಇಷ್ಟು ಮುಂದೆ ಹೋಗು, ಇಷ್ಟು ಬಲಕ್ಕೆ ತಿರುಗು ಎಂದು ಹೇಳುತ್ತಾ ಮಗು ಚೌಕ, ನಕ್ಷತ್ರ ಬರೆಯುತ್ತದೆ. ಟಿವಿ ಮಗುವಿಗೆ ಹೇಳುತ್ತಿತ್ತು. ಇಲ್ಲಿ ಮಗು ಯಂತ್ರಕ್ಕೆ ಹೇಳುತ್ತದೆ. ತಪ್ಪಾದರೆ ಆಮೆ ತಪ್ಪು ದಾರಿಯಲ್ಲಿ ಹೋಗುತ್ತದೆ, ಯಾರೂ ಬೈಯುವುದಿಲ್ಲ, ಮಗು ಹೇಳಿದ್ದನ್ನು ತಿದ್ದಿ ಮತ್ತೆ ಹೇಳುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಕೋಡಿಂಗ್ ಬೇಕು ಎನ್ನುವ ವಾದದ ತಿರುಳು ಇಷ್ಟೇ, ಮುಂದೆ ಸಿಗುವ ಕೆಲಸದ ಮಾತಲ್ಲ.

ನಮ್ಮಲ್ಲಿ ನಡೆದದ್ದು ಹೆಚ್ಚಾಗಿ ಇನ್ನೊಂದು ಬಗೆಯದು. 2000ದ ದಶಕದಲ್ಲಿ ಬೆಂಗಳೂರಿನ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಪ್ರಾಥಮಿಕ ಶಾಲೆಗಳಿಗಾಗಿ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಪಾಠದ ಸಿಡಿಗಳನ್ನು ತಯಾರಿಸಿ ಹಲವು ರಾಜ್ಯಗಳ ಸಾವಿರಾರು ಶಾಲೆಗಳಿಗೆ ತಲುಪಿಸಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಡುಸ್ಯಾಟ್ ಉಪಗ್ರಹ ಮೇಲೇರಿತು. ಅದರ ಮೊದಲ ಪ್ರಯೋಗಗಳಲ್ಲಿ ಒಂದು ನಡೆದದ್ದು ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಲ್ಲಿ. ಎರಡರಲ್ಲೂ ಭಾಷೆ ಕನ್ನಡ. ಹಾಗಿದ್ದರೂ 2010ರ ಕೊನೆಯಲ್ಲಿ ಪ್ರತಿಷ್ಠಾನದ ಅನುರಾಗ್ ಬೆಹರ್ ಪತ್ರಿಕೆಯೊಂದರಲ್ಲಿ ತಮ್ಮ ವರ್ಷಗಳ ಅನುಭವವನ್ನು ತೂಗಿ ನೋಡಿ, ಶಿಕ್ಷಣದ ನಿಜವಾದ ತೊಡಕುಗಳಿಗೆ ತಂತ್ರಜ್ಞಾನ ಪರಿಹಾರವಲ್ಲ, ಅದರ ಮೇಲಿನ ಮೋಹ ನಮ್ಮ ಗಮನವನ್ನು ಬೇರೆಡೆಗೆ ಎಳೆಯುತ್ತದೆ ಎಂಬ ಅರ್ಥದಲ್ಲಿ ಬರೆದರು. ಪ್ರತಿಷ್ಠಾನ ತನ್ನ ಶಕ್ತಿಯನ್ನು ಶಿಕ್ಷಕರ ಕಡೆಗೆ ತಿರುಗಿಸಿತು. 1976ರಲ್ಲಿ ಅಂಕಿಗಳು ಹೇಳಿದ್ದನ್ನು ಮತ್ತೊಮ್ಮೆ, ಮತ್ತೊಂದು ಯಂತ್ರದ ಮೂಲಕ ಕಲಿತಂತಾಯಿತು.

ತಂಬಿಗೆಯಿಂದ ಶುರುವಾಗುವ ವಿನ್ಯಾಸ

ಅಹಮದಾಬಾದಿನ ಇನ್ನೊಂದು ಎಳೆ ವಿನ್ಯಾಸದ್ದು. ಅಲ್ಲಿನ ವಿನ್ಯಾಸ ಸಂಸ್ಥೆಗೆ ತಳಹದಿಯಾದದ್ದು ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಸರ್ಕಾರಕ್ಕೆ ಕೊಟ್ಟ ವರದಿ. ಅದರಲ್ಲಿ ಅವರು ಬಹುವಾಗಿ ಮೆಚ್ಚಿದ ವಸ್ತು ನಮ್ಮ ತಂಬಿಗೆ. ಇಂಥದ್ದನ್ನು ಹೊಸದಾಗಿ ಮಾಡಬೇಕಾದರೆ ಎಷ್ಟು ನೀರು ಹಿಡಿಯಬೇಕು, ತಲೆಯ ಮೇಲೋ ಸೊಂಟದಲ್ಲೋ ಹೇಗೆ ಹೊರುತ್ತಾರೆ, ಎತ್ತುವ ಕೈ ಎಷ್ಟು ದೊಡ್ಡದು, ತೊಳೆಯುವುದು ಹೇಗೆ, ಬೆಲೆ ಎಷ್ಟು ಎಂದೆಲ್ಲ ಪ್ರಶ್ನೆಗಳ ಪಟ್ಟಿ ಹಾಕಿದರು. ಈ ಪ್ರಶ್ನೆಗಳಲ್ಲಿ ನಾಲ್ಕನೆಯ ತರಗತಿಯ ಮಗುವಿಗೆ ನಿಲುಕದ್ದು ಒಂದೂ ಇಲ್ಲ. ಅಳೆಯುವುದು, ತೂಗುವುದು, ಅಜ್ಜಿಯನ್ನು ಕೇಳುವುದು, ಮಣ್ಣಿನಲ್ಲಿ ಮಾಡಿ ನೋಡುವುದು: ಗಣಿತ, ವಿಜ್ಞಾನ, ಭಾಷೆ ಮೂರೂ ಒಂದೇ ತಂಬಿಗೆಯಲ್ಲಿ ಬರುತ್ತವೆ.

ಆ ಸಂಸ್ಥೆಯಲ್ಲಿ ಕಲಿತ ಕಿರಣ್ ಬೀರ್ ಸೇಠಿ 2001ರಲ್ಲಿ ಅಹಮದಾಬಾದಿನಲ್ಲಿ ರಿವರ್‌ಸೈಡ್ ಶಾಲೆಯನ್ನು ಆರಂಭಿಸಿದರು. 2009ರಲ್ಲಿ ಅಲ್ಲಿಂದ ಹೊರಟ ‘ಡಿಸೈನ್ ಫಾರ್ ಚೇಂಜ್’ ಮಕ್ಕಳಿಗೆ ನಾಲ್ಕು ಹೆಜ್ಜೆ ಹೇಳುತ್ತದೆ: ನಿಮ್ಮ ಸುತ್ತ ಕಾಡುವ ಒಂದು ತೊಂದರೆಯನ್ನು ಗುರುತಿಸಿ, ದಾರಿ ಊಹಿಸಿ, ಮಾಡಿ, ಬೇರೆಯವರಿಗೆ ಹೇಳಿ. ಇದಕ್ಕೆ ಗಣಕ ಬೇಕೇಬೇಕೆಂದಿಲ್ಲ. ಬೇಕಾಗುವುದು ಮಗುವಿನ ಮಾತಿಗೆ ಸಮಯ ಕೊಡಬಲ್ಲ ಮೇಷ್ಟರು. ಇದು ಹಲವು ದೇಶಗಳಿಗೆ ಹರಡಲು ಆ ಸರಳತೆಯೂ ಒಂದು ಕಾರಣ.

‘ಭಾಷೆ-ಹೆಸರು’

ಇಂದು ಮಣಿನಗರದಲ್ಲಾಗಲಿ ಮೈಸೂರಿನಲ್ಲಾಗಲಿ ಮಕ್ಕಳಿಗೆ ಕೋಡಿಂಗ್ ಎಂದರೆ ಮೊದಲು ಕಾಣಿಸುವುದು ಸ್ಕ್ರ್ಯಾಚ್. ಲೋಗೋದ ವಂಶದ್ದು, 2007ರಲ್ಲಿ ಅಮೆರಿಕದ ಎಂಐಟಿಯಿಂದ ಬಂದದ್ದು, ಉಚಿತ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಆಜ್ಞೆಯಾಗುತ್ತದೆ. ತುಂಡಿನ ಮೇಲಿನ ಮಾತನ್ನು ಯಾವ ಭಾಷೆಗಾದರೂ ಅನುವಾದಿಸಬಹುದು, ಅಂಕಿ ಕೂರುವ ಖಾಲಿ ಜಾಗವನ್ನು ವಾಕ್ಯದಲ್ಲಿ ಬೇಕಾದ ಕಡೆ ಇಡಬಹುದು. ಇದು ಕನ್ನಡಕ್ಕೆ ಬಹಳ ಮುಖ್ಯ. ಇಂಗ್ಲಿಷ್ ಆಜ್ಞೆಯಲ್ಲಿ ಕ್ರಿಯಾಪದ ಮೊದಲು ಬರುತ್ತದೆ. ಕನ್ನಡದ ಮಗು ‘10 ಹೆಜ್ಜೆ ನಡೆ’ ಎನ್ನುತ್ತದೆ, ಕ್ರಿಯೆ ಕೊನೆಗೆ. ಷರತ್ತು ಹಾಕುವಾಗ ಇಂಗ್ಲಿಷಿನಲ್ಲಿ ‘ಇಫ್’ ಮೊದಲು. ಕನ್ನಡದಲ್ಲಿ ‘ಗೋಡೆ ತಾಗಿದರೆ’ ಎಂದು ಷರತ್ತು ಪದದ ಬಾಲದಲ್ಲೇ ಇರುತ್ತದೆ. ಇದನ್ನು ಸರಿಯಾಗಿ ಜೋಡಿಸಿದರೆ ಕೋಡ್ ಮಗುವಿನ ಮಾತಿನಂತೆಯೇ ಓದಿಸಿಕೊಳ್ಳುತ್ತದೆ. ಪದಕ್ಕೆ ಪದ ಇಟ್ಟರೆ ಕನ್ನಡ ಅಕ್ಷರದ ಇಂಗ್ಲಿಷ್ ಆಗುತ್ತದೆ.

2013ರಲ್ಲಿ ಬಂದ ಸ್ಕ್ರ್ಯಾಚ್‌ನ ಎರಡನೆಯ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಎಲ್ಲ ಭಾಷೆಗಳೂ ತಮ್ಮ ತಮ್ಮ ಹೆಸರಿನಲ್ಲಿ ಇದ್ದವು. ಕನ್ನಡ ಇರಬೇಕಾದ ಕಡೆ ‘ಭಾಷೆ-ಹೆಸರು’ ಎಂದಿತ್ತು. ಭಾಷೆಯ ಹೆಸರನ್ನು ಇಲ್ಲಿ ಬರೆಯಿರಿ ಎಂಬ ಸೂಚನೆಯನ್ನೇ ಯಾರೋ ಅನುವಾದಿಸಿಬಿಟ್ಟಿದ್ದರು. ನಗು ಬರುವ ಸಂಗತಿ ನಿಜ. ಆದರೆ ಶಾಲೆಗಳಲ್ಲಿ ಅದನ್ನು ದಿನವೂ ಕನ್ನಡದಲ್ಲಿ ತೆರೆಯುವ ಮಕ್ಕಳು, ಮೇಷ್ಟರು ಇದ್ದಿದ್ದರೆ ಮೊದಲ ವಾರವೇ ಯಾರಾದರೂ ದೂರು ಕೊಟ್ಟು ತಿದ್ದಿಸುತ್ತಿದ್ದರು.

ಕನ್ನಡದಲ್ಲಿ ಇದು ಆಗದ ಕೆಲಸವೇನಲ್ಲ. ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭಿಸಿ, ಉಚಿತ ತಂತ್ರಾಂಶವನ್ನು ಆರಿಸಿಕೊಂಡು, ವರ್ಷಗಟ್ಟಲೆ ತನ್ನ ಶಿಕ್ಷಕರನ್ನೇ ತರಬೇತುಗೊಳಿಸಿತು. ಅಲ್ಲಿನ ಗಣಕ ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷ್ ಜೊತೆಗೆ ತಮಿಳು, ಕನ್ನಡದಲ್ಲೂ ಅಚ್ಚಾಗುತ್ತವೆ. ಹೀಗೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ಗಣಕದ ಪಾಠವನ್ನು ಕನ್ನಡದಲ್ಲಿ ಓದುತ್ತದೆ. ಮೇಷ್ಟರು, ಭಾಷೆ ಎರಡನ್ನೂ ಮೊದಲು ನೋಡಿಕೊಂಡ ರಾಜ್ಯದ ಗಡಿಯೊಳಗೆ ಇರುವುದರಿಂದ ಅದಕ್ಕೆ ಅದು ಸಿಕ್ಕಿದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೋಡಿಂಗ್ ಚಟುವಟಿಕೆಗಳು ಆರನೆಯ ತರಗತಿಯ ಹಂತದಿಂದ ಬರಲಿ ಎಂದಿತ್ತು. ಐದೇ ವರ್ಷದಲ್ಲಿ ಮಾತು ಮೂರನೆಯ ತರಗತಿಗೆ ಇಳಿದಿದೆ. ಯಾವ ಯಂತ್ರ, ಎಷ್ಟು ಯಂತ್ರ ಎಂಬ ಪಟ್ಟಿಗಳು ಇನ್ನು ತಯಾರಾಗುತ್ತವೆ, ಟೆಂಡರುಗಳೂ ಆಗುತ್ತವೆ. ಗುಲ್ಬರ್ಗಾ, ರಾಯಚೂರು, ಬಿಜಾಪುರದ ಹಳ್ಳಿಗಳಲ್ಲಿ ಇದನ್ನೆಲ್ಲ ಒಮ್ಮೆ ಮಾಡಿ, ಅಳೆದು, ಬರೆದಿಟ್ಟದ್ದಾಗಿದೆ. ಆ ಪಟ್ಟಿಗಳ ಮೊದಲ ಸಾಲಿನಲ್ಲಿ ಮೇಷ್ಟರ 12 ದಿನವೂ ಎರಡನೆಯ ಸಾಲಿನಲ್ಲಿ ಕನ್ನಡವೂ ಇದೆಯೇ ಎಂದು ಕೇಳುವುದು ಪಾಲಕರ, ಶಿಕ್ಷಕರ ಮೊದಲ ಕೆಲಸ.